ಅತ್ತಿಗೆಯ ಪ್ರಾರ್ಥನಾ ವಿಷಯ

ನಮ್ಮ ಊರನ್ನು ನಾನು ಎಷ್ಟು ಬೇಕಾದರೂ ಬೈಯಬಹುದು, ಇಲ್ಲೇ ಹುಟ್ಟಿದವಳು. ಹೊರಗಿನಿಂದ ಬಂದವರು ಅರ್ಧ ಮಾತಾಡಿದರೂ ನನಗೆ ಮೈ ಉರಿಯುತ್ತದೆ. ಅತ್ತಿಗೆ ಆ ಅರ್ಧ ಮಾತನ್ನೂ ಆಡಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಮದುವೆಯಾಗಿ ಮನೆಗೆ ಬಂದ ದಿನ ಮುಂದಿನ ಕೋಣೆಯ ಮೇಜಿನ ಮೇಲೆ ಒಂದು ಬೆರಳು ಎಳೆದರು. ಬೆರಳಿಗೆ ಹತ್ತಿದ ಬೂದು ಪುಡಿಯನ್ನು ನೋಡಿದರು. ಕರವಸ್ತ್ರ ತೆಗೆದು ಒರೆಸಿಕೊಂಡು, ಅದನ್ನು ಅಚ್ಚುಕಟ್ಟಾಗಿ ಮಡಿಸಿ ಇಟ್ಟು, ಸುಮ್ಮನೆ ಕುಳಿತರು. ಆ ಮೇಜನ್ನು ಬೆಳಿಗ್ಗೆಯಿಂದ ಒರೆಸಿ ಒರೆಸಿ ನನ್ನ ಕೈ ಬಿದ್ದುಹೋಗಿತ್ತು.

ನಮ್ಮದು ಸಿಮೆಂಟ್ ಕಾರ್ಖಾನೆಯ ಊರು. ಶಾಲೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ಒಂದೇ ಅಚ್ಚಿನಲ್ಲಿ ಹೊಯ್ದಂತಿರುವ ಸಾಲು ಮನೆಗಳೂ ಕಂಪನಿಯವೇ. ಕುಡಿದು ಬಂದವರು ಪಕ್ಕದ ಮನೆಯ ಬಾಗಿಲು ತಟ್ಟುವುದು ಇಲ್ಲಿ ಯಾರಿಗೂ ವಿಶೇಷವಲ್ಲ. ಧೂಳು ಎಲ್ಲದರ ಮೇಲೂ ಇದೆ, ಎಲೆಗಳ ಮೇಲೆ, ಸೈಕಲ್ ಸೀಟಿನ ಮೇಲೆ, ಮಕ್ಕಳ ರೆಪ್ಪೆಯ ಮೇಲೆ. ಸಣ್ಣ ಮಳೆ ಬಿದ್ದರೆ ಅದೇ ಧೂಳು ಮಾಡಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಇಲ್ಲಿನ ಕಾಗೆಗಳು ಕೂಡ ಪೂರ್ತಿ ಕಪ್ಪಲ್ಲ. ಅತ್ತಿಗೆ ಬಂದದ್ದು ನದಿಯ ದಡದ ಒಂದು ಊರಿನಿಂದ. ಅಲ್ಲಿ ಕಿಟಕಿ ತೆರೆದಿಡುತ್ತಿದ್ದರಂತೆ. ಇಲ್ಲಿ ನಾವು ಕಿಟಕಿಯ ಸಂದಿಗೆ ಬಟ್ಟೆ ತುರುಕುತ್ತೇವೆ.

ಅಣ್ಣ ಕುಲುಮೆಯ ಆಪರೇಟರ್ ಆಗಿದ್ದ. ಸುಣ್ಣದ ಕಲ್ಲು ಸುಡುವ ಆ ದೊಡ್ಡ ಕೊಳವೆಯ ಮುಂದೆ ನಿಂತು ನಿಂತು ಅವನ ಮುಖವೂ ಚೆನ್ನಾಗಿ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನಗುಮುಖದವನು. ಹೆಂಡತಿಗೆ ಊರು ಹಿಡಿಸಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಆದರೆ ಸ್ವಲ್ಪ ದಿನ ಹೋದರೆ ಸರಿಹೋಗುತ್ತದೆ ಎಂದು ಅವನ ಲೆಕ್ಕ. ಮನೆಯಲ್ಲಿ ನಾವು ಮೂವರೇ. ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು. ನನಗೆ ಮದುವೆ ಕೂಡಿಬರಲಿಲ್ಲ, ನಾನೂ ಕೂಡಿಸಿಕೊಳ್ಳಲು ಹೋಗಲಿಲ್ಲ. ಕಂಪನಿಯ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತೇನೆ.

ಇನ್ನು ನಮ್ಮ ಚರ್ಚಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದು ಮೊದಲು ಯಂತ್ರಗಳ ಬಿಡಿಭಾಗ ಇಡಲು ಕಟ್ಟಿದ ಶೆಡ್ಡು. ಕಂಪನಿ ಹೊಸ ಉಗ್ರಾಣ ಕಟ್ಟಿಕೊಂಡ ಮೇಲೆ ನಮಗೆ ಬಿಟ್ಟುಕೊಟ್ಟಿತು. ಬುಧವಾರ ಸಂಜೆ ಅಲ್ಲಿ ಪ್ರಾರ್ಥನಾ ಕೂಟ. ಕುರ್ಚಿಗಳನ್ನು ಸುತ್ತಲೂ ಹಾಕಿಕೊಂಡು ಕೂರುತ್ತೇವೆ, ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಪ್ರಾರ್ಥನಾ ವಿಷಯ ಹೇಳುತ್ತಾರೆ. ಮಗನಿಗೆ ಕೆಲಸ, ಮಗಳಿಗೆ ವರ, ಯಜಮಾನರ ಕುಡಿತ. ಒಂದು ಸಲ ಹೇಳಿದರೆ ಮುಗಿಯಿತು, ವಾರವಾರವೂ ಸಭೆಯೆಲ್ಲ ಅದಕ್ಕಾಗಿ ಬೇಡುತ್ತದೆ. ಆದರೆ ಒಂದು ಕಟ್ಟುಪಾಡು. ವಿಷಯ ಎತ್ತಿದವರೇ ಅದನ್ನು ಇಳಿಸಬೇಕು. ಪ್ರಾರ್ಥನೆ ಕೈಗೂಡಿತೆಂದು ಎದ್ದು ನಿಂತು ಸಾಕ್ಷಿ ಹೇಳಬೇಕು, ಇಲ್ಲವೇ ಇನ್ನು ಬೇಡವೆಂದು ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ಸಭೆ ಬಿಡುವ ಹಾಗಿಲ್ಲ. ಒಬ್ಬ ವೆಲ್ಡರ್ ತನ್ನ ಮೊಣಕಾಲು ನೋವಿಗೆ ಪ್ರಾರ್ಥನೆ ಕೇಳಿಕೊಂಡು, ಇಳಿಸುವುದನ್ನು ಮರೆತು, ನಿವೃತ್ತನಾಗಿ ಊರು ಬಿಟ್ಟೇ ಹೋದ. ನಾವು ಅವನ ಮೊಣಕಾಲಿಗಾಗಿ ವರ್ಷಗಟ್ಟಲೆ ಬೇಡಿದೆವು. ಆ ಮೊಣಕಾಲು ಈಗ ಎಲ್ಲೋ ಓಡುತ್ತಿರಬೇಕು.

ಇದನ್ನೆಲ್ಲ ನೆನಪಿಟ್ಟುಕೊಳ್ಳುತ್ತಿದ್ದವಳು ಪ್ರಾರ್ಥನೆಯಜ್ಜಿ. ಹಳೆಯ ವಾಚ್‌ಮನ್ನನ ವಿಧವೆ. ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಯಾರ ವಿಷಯ ಯಾವುದು, ಯಾವಾಗ ಎತ್ತಿದ್ದು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಅವಳು ಪ್ರಾರ್ಥನೆಗೆ ಬಾಯಿ ತೆರೆದರೆ ಟೀ ಆರಿಹೋಗುತ್ತದೆ ಎಂದು ಪಾಸ್ಟರಮ್ಮ ಒಲೆ ಹಚ್ಚುವುದನ್ನೇ ತಡ ಮಾಡುತ್ತಿದ್ದರು.

ಅತ್ತಿಗೆ ಮೊದಲ ಸಲ ಕೂಟಕ್ಕೆ ಬಂದಾಗ ಹೊಸ ಸೊಸೆ ಏನು ಕೇಳುತ್ತಾಳೋ ಎಂದು ಎಲ್ಲರೂ ಮುಗುಳುನಗುತ್ತಾ ಕಾದರು. ಮಗು ಬೇಕೆನ್ನುತ್ತಾರೆ ಎಂದು ನಾನೂ ಅಂದುಕೊಂಡೆ. ಅತ್ತಿಗೆ ಎದ್ದು ನಿಂತು, ಅಂಗಡಿಯಲ್ಲಿ ಸಾಬೂನು ಕೇಳುವ ಧ್ವನಿಯಲ್ಲಿ ಹೇಳಿದರು, "ಈ ಊರಿಂದ ನಮಗೆ ವರ್ಗ ಆಗ್ಲಿ ಅಂತ ಪ್ರಾರ್ಥನೆ ಮಾಡಿ. ನನಗೆ ಇಲ್ಲಿ ಇರೋಕೆ ಆಗ್ತಿಲ್ಲ."

ಅಲ್ಲಿ ಕುಳಿತವರೆಲ್ಲ ಈ ಊರಿನಲ್ಲಿ ಹುಟ್ಟಿದವರು, ಇಲ್ಲವೇ ಇಲ್ಲೇ ಸಾಯಲು ಮನಸ್ಸು ಮಾಡಿದವರು. ಆದರೂ ಪ್ರಾರ್ಥನೆಯಜ್ಜಿ ತಡಮಾಡಲಿಲ್ಲ. ಕೈ ಎತ್ತಿ, ಕರ್ತನೇ, ನಿನ್ನ ಜನರನ್ನು ಐಗುಪ್ತದ ದಾಸತ್ವದಿಂದ ಬಿಡಿಸಿದವನೇ, ಈ ಮಗಳನ್ನೂ ಈ ಊರಿಂದ ಬಿಡಿಸು ಎಂದು ಶುರುಮಾಡಿಯೇಬಿಟ್ಟಳು. ನಮ್ಮೂರು ಐಗುಪ್ತವಾಯಿತು! ನಾನು ಎಲ್ಲರಿಗಿಂತ ಜೋರಾಗಿ ಆಮೆನ್ ಅಂದೆ. ಅಣ್ಣ ನನ್ನ ಕಡೆ ತಿರುಗಿ ನಗುವನ್ನು ತಡೆದುಕೊಂಡ. ದಾರಿಯಲ್ಲಿ, ಪ್ರಾರ್ಥನೆಯಲ್ಲಿ ನಿನಗೆ ಇಷ್ಟು ಉತ್ಸಾಹ ಇದೆ ಅಂತ ಗೊತ್ತಿರಲಿಲ್ಲ ಎಂದು ರೇಗಿಸಿದ.

ಕಂಪನಿಗೆ ಅತ್ತಿಗೆಯ ತವರಿನ ಹತ್ತಿರವೇ ಇನ್ನೊಂದು ಕಾರ್ಖಾನೆ ಇತ್ತು. ಅಣ್ಣ ಒಂದು ಮಾತು ಮ್ಯಾನೇಜರರ ಕಿವಿಗೆ ಹಾಕಿದ್ದರೆ ಆಗುತ್ತಿತ್ತೋ ಏನೋ. ಅವನು ಬುಧವಾರ ಬುಧವಾರ ಆಮೆನ್ ಅನ್ನುತ್ತಿದ್ದ, ಮ್ಯಾನೇಜರರ ಬಾಗಿಲಿಗೆ ಒಂದು ದಿನವೂ ಹೋಗಲಿಲ್ಲ. ಕರ್ತನ ಮೇಲೆ ಭಾರ ಹಾಕಿದ ಮೇಲೆ ನಡುವೆ ಮ್ಯಾನೇಜರ್ ಯಾಕೆ ಅನ್ನುತ್ತಿದ್ದ.

ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಅತ್ತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದರು. ಧೂಳನ್ನು ಕಂಡರಾಗದವರು ಧೂಳಿನ ಬಾಯಿಗೇ ಹೋಗಿ ನಿಂತರು. ಆಸ್ಪತ್ರೆಯ ಹಿಂದೆ ಉದ್ದನೆಯ ಕೋಣೆ, ಒಂದು ಕಡೆ ಕುದಿಯುವ ಹಂಡೆಗಳು, ಇನ್ನೊಂದು ಕಡೆ ಇಸ್ತ್ರಿಯ ಮೇಜು. ಮೊದಲಿದ್ದವರು ಒಗೆದ ಹಾಸುಗಳನ್ನು ಹೊರಗಿನ ಹಗ್ಗದ ಮೇಲೆ ಹರವುತ್ತಿದ್ದರು. ಒದ್ದೆ ಬಟ್ಟೆಯ ಮೇಲೆ ಸಿಮೆಂಟಿನ ಧೂಳು ಕೂತರೆ ಬಿಸಿಲಿಗೆ ಅಲ್ಲೇ ಗಟ್ಟಿಯಾಗುತ್ತದೆ, ಎಷ್ಟು ಕೊಡವಿದರೂ ಹೋಗುವುದಿಲ್ಲ, ರೋಗಿಯ ಬೆನ್ನಿಗೆ ಕಣ ಕಣವಾಗಿ ಚುಚ್ಚುತ್ತದೆ. ಅತ್ತಿಗೆ ಹಗ್ಗವನ್ನು ಒಳಗೇ ಕಟ್ಟಿಸಿದರು. ಹಬೆಯ ಕೊಳವೆಗಳ ಮೇಲೆ, ಕಿಟಕಿ ಮುಚ್ಚಿ ಒಣಗಿಸುವುದು. ಆ ಕೋಣೆಯೊಳಗೆ ಹೋದರೆ ನಾನು ಬೆವರಿ ನೀರಾಗುತ್ತಿದ್ದೆ. ಅವರು ಅಲ್ಲೇ ಇಡೀ ದಿನ ನಿಲ್ಲುತ್ತಿದ್ದರು.

ವರ್ಷಗಳು ಹೋದವು. ಮಕ್ಕಳಾಗಲಿಲ್ಲ. ವರ್ಗವೂ ಆಗಲಿಲ್ಲ. ಅತ್ತಿಗೆ ಊರನ್ನು ಬಾಯಿಬಿಟ್ಟು ಬೈಯಲೇ ಇಲ್ಲ. ಆದರೆ ಅವರಿಗೆ ಒಗ್ಗಲಿಲ್ಲ ಎಂಬುದು ಅವರು ಉಸಿರಾಡುವ ರೀತಿಯಲ್ಲೇ ತಿಳಿಯುತ್ತಿತ್ತು, ಮನೆಯಿಂದ ಹೊರಗೆ ಕಾಲಿಡುವಾಗ ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತಿದ್ದರು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಒಂದೇ ಬಸ್ಸಿಗೆ ಕಾಯುವವರ ಹಾಗೆ ಪಕ್ಕಪಕ್ಕದಲ್ಲಿದ್ದೆವು.

ಒಂದು ಮಧ್ಯಾಹ್ನ ಅಣ್ಣ ಕುಲುಮೆಯ ಮುಂದೆ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ತಂದು ಒಂಬತ್ತನೇ ಹಾಸಿಗೆಯ ಮೇಲೆ ಮಲಗಿಸಿದರು. ಮೇಟ್ರನ್ ಓಡಿಹೋಗಿ ಹಿಂದಿನ ಲಾಂಡ್ರಿಯಿಂದ ಅತ್ತಿಗೆಯನ್ನು ಕರೆದರು. ಅವರು ಕೈ ಒರೆಸಿಕೊಳ್ಳುತ್ತಾ ಬರುವಷ್ಟರಲ್ಲಿ ಮುಗಿದಿತ್ತು. ನಾನು ಶಾಲೆಯಿಂದ ಬಂದಾಗ ಅತ್ತಿಗೆ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದರು, ಹಾಸಿನ ಒಂದು ಮೂಲೆ ಹಿಡಿದುಕೊಂಡು. ಅವರೇ ಇಸ್ತ್ರಿ ಮಾಡಿದ ಹಾಸು. ನಾನು ಗೋಳಾಡಿದೆ. ಅವರು ಅಳಲಿಲ್ಲ.

ಸಮಾಧಿಯಾದ ಮರುದಿನವೇ ಕೆಲಸಕ್ಕೆ ಹೋದರು. ಯಾಕೆ ಎಂದು ಕೇಳಿದ್ದಕ್ಕೆ, ಒಂಬತ್ತರ ಹಾಸು ಬಂದಿರುತ್ತೆ ಎಂದರು. ಒಗೆಯಲು ಬೇರೆಯವರಿಲ್ಲವೇ ಎಂದೆ. ಇದ್ದಾರೆ, ಆದರೂ ನಾನೇ ಒಗೀತೀನಿ ಎಂದು ಚಪ್ಪಲಿ ಮೆಟ್ಟಿಕೊಂಡರು. ನನಗೆ ಆಗ ಅವರ ಮೇಲೆ ಸಿಟ್ಟು ಬಂತು. ಕಲ್ಲು ಮನಸ್ಸು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಕಲ್ಲಾಗಿದ್ದರೂ ಚೆನ್ನಾಗಿತ್ತು, ಅಲ್ಲಿ ಏನೂ ಇರಲಿಲ್ಲ.

ಇನ್ನು ಇವರು ಊರು ಬಿಡುವುದು ಖಂಡಿತ ಎಂದು ಎಲ್ಲರೂ ತಿಳಿದರು. ನಾನೂ ತಿಳಿದೆ. ಅವರ ತಮ್ಮ ಕರೆದುಕೊಂಡು ಹೋಗಲು ಬಂದ. ಅಕ್ಕ, ಇನ್ನು ಇಲ್ಲಿ ನಿನಗೇನಿದೆ, ಬಾ ಎಂದು ಎರಡು ದಿನ ಕೂತು ಬೇಡಿಕೊಂಡ. ಅತ್ತಿಗೆ ಅವನಿಗೆ ಊಟ ಬಡಿಸಿದರು, ಹಾಸಿಗೆ ಹಾಸಿದರು, ಆಮೇಲೆ ನೋಡೋಣ ಎಂದು ಬಸ್ಸು ಹತ್ತಿಸಿ ಬಂದರು. ಯಾಕೆ ಹೋಗಲಿಲ್ಲ ಎಂದು ನಾನು ಕೇಳಿದೆ.

"ಎದ್ದು ಹೋಗೋಕೂ ಒಂದು ಮನಸ್ಸು ಬೇಕಲ್ಲ" ಎಂದರು.

ಮನೆಯಲ್ಲಿ ಇಬ್ಬರೇ ಉಳಿದೆವು. ಬೆಳಿಗ್ಗೆ ಟೀ, ಅವರು ಆಸ್ಪತ್ರೆಗೆ, ನಾನು ಶಾಲೆಗೆ. ಸಂಜೆ ಅನ್ನ, ಒಂದು ಪಲ್ಯ, ಪಾತ್ರೆ, ನಿದ್ದೆ. ಭಾನುವಾರ ಆರಾಧನೆ, ಬುಧವಾರ ಕೂಟ. ಅವರು ಒಂದನ್ನೂ ತಪ್ಪಿಸಲಿಲ್ಲ. ಹಾಡುವಾಗ ಅವರ ಬಾಯಿ ಆಡುತ್ತಿತ್ತು, ಪಕ್ಕದಲ್ಲೇ ನಿಂತ ನನಗೆ ಧ್ವನಿ ಕೇಳುತ್ತಿರಲಿಲ್ಲ. ಪಾಸ್ಟರ್ ಸಾಂತ್ವನದ ಪ್ರಸಂಗ ಮಾಡಿದರೆ ಬೇರೆಯವರು ಕಣ್ಣೊರೆಸಿಕೊಳ್ಳುತ್ತಿದ್ದರು, ಇವರು ಗೋಡೆಯ ಮೇಲಿನ ಬಿರುಕು ನೋಡುತ್ತಿದ್ದರು. ಪ್ರಾರ್ಥನೆಯಜ್ಜಿ ವಾರವಾರವೂ ತನ್ನ ಸರದಿ ಬಂದಾಗ, ಈ ಮಗಳನ್ನು ಈ ಊರಿಂದ ಬಿಡಿಸು ಎಂದು ಬೇಡುತ್ತಲೇ ಇದ್ದಳು. ಇಳಿಸಿರಲಿಲ್ಲವಲ್ಲ. ಸಭೆಯೆಲ್ಲ ಆಮೆನ್ ಅನ್ನುತ್ತಿತ್ತು. ನಾನು ಯಾವಾಗಿನಿಂದ ಆಮೆನ್ ಅನ್ನುವುದನ್ನು ನಿಲ್ಲಿಸಿದೆನೋ ನನಗೇ ನೆನಪಿಲ್ಲ.

ಒಂದು ದಿನ ಶಾಲೆಗೆ ರಜೆ. ಅತ್ತಿಗೆ ಕೊಡೆ ಮರೆತುಹೋಗಿದ್ದರು, ಕೊಟ್ಟು ಬರೋಣವೆಂದು ಲಾಂಡ್ರಿಗೆ ಹೋದೆ. ಇಸ್ತ್ರಿಯ ಮೇಜಿನ ಮುಂದೆ ಅವರ ಬೆನ್ನು ನನ್ನ ಕಡೆ ಇತ್ತು. ನಮ್ಮ ಆಸ್ಪತ್ರೆಯಲ್ಲಿ ಪ್ರತಿ ಹಾಸಿನ ಮೂಲೆಯಲ್ಲಿ ಹಾಸಿಗೆಯ ಸಂಖ್ಯೆಯನ್ನು ಕೆಂಪು ದಾರದಲ್ಲಿ ಹೊಲಿದಿರುತ್ತಾರೆ, ಒಂದರದು ಇನ್ನೊಂದಕ್ಕೆ ಹೋಗದಿರಲಿ ಎಂದು. ಅತ್ತಿಗೆ ಒಂದು ಹಾಸನ್ನು ಎಳೆದುಕೊಂಡರು, ಮೂಲೆ ತಿರುವಿ ಸಂಖ್ಯೆ ನೋಡಿದರು, ಇಸ್ತ್ರಿ ಒತ್ತುತ್ತಾ ಏನೋ ಹೇಳತೊಡಗಿದರು. ಯಾರೊಂದಿಗೋ ಮಾತಾಡುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋದಾಗ ಕೇಳಿಸಿತು. ಹದಿನಾಲ್ಕರವರಿಗೆ ನಿದ್ದೆ ಕೊಡು. ಮಡಿಸಿ ಇಟ್ಟು ಇನ್ನೊಂದು. ನಾಲ್ಕರವರ ಹೊಲಿಗೆ ಒಣಗಲಿ. ಆರರಲ್ಲಿ ಯಾರಿದ್ದಾರೋ ಗೊತ್ತಿಲ್ಲ, ನಿನಗೆ ಗೊತ್ತಿದೆ. ಧ್ವನಿಯಲ್ಲಿ ಏರಿಳಿತವಿಲ್ಲ. ಸಂತೆಗೆ ಹೋಗುವವರಿಗೆ ಸಾಮಾನು ಹೇಳಿದ ಹಾಗೆ.

ನನ್ನನ್ನು ನೋಡಿ ಅವರು ನಾಚಲೂ ಇಲ್ಲ, ನಿಲ್ಲಿಸಲೂ ಇಲ್ಲ. ಒಂಬತ್ತು ಬಂತು. ಅಣ್ಣ ಮಲಗಿದ್ದ ಹಾಸಿಗೆಯದು. ಅವರು ಅದನ್ನೂ ಬೇರೆಯವುಗಳ ಹಾಗೆಯೇ ಒತ್ತಿದರು, ಒಂಬತ್ತರವರು ಎದ್ದು ಮನೆಗೆ ಹೋಗಲಿ ಎಂದರು, ಮಡಿಸಿ ಇಟ್ಟರು.

"ಅತ್ತಿಗೆ, ಹೀಗೆ ಪ್ರಾರ್ಥನೆ ಮಾಡಿದ್ರೆ ನಿಮಗೆ ಏನಾದ್ರೂ ಅನ್ಸುತ್ತಾ?" ಎಂದು ಕೇಳಿದೆ.

"ಇಲ್ಲ."

"ಮತ್ತೆ ಯಾಕೆ ಮಾಡ್ತೀರಿ?"

ಅವರು ಇಸ್ತ್ರಿಯನ್ನು ನಿಲ್ಲಿಸಿಟ್ಟರು. "ಅನ್ನಿಸ್ಲಿ ಅಂತ ಮಾಡ್ತಿಲ್ಲ ಪುಟ್ಟಿ. ಕರ್ತನು ಇದ್ದಾನೆ ಅಂತ ಮಾಡ್ತೀನಿ."

ನಾನು ಅಂದು ಕೊಡೆ ಕೊಡುವುದನ್ನು ಮರೆತು ಹಾಗೇ ಮನೆಗೆ ತಂದೆ. ಚಿಕ್ಕಂದಿನಿಂದ ಚರ್ಚಿನಲ್ಲಿ ಬೆಳೆದವಳು ನಾನು. ನನ್ನ ಭಕ್ತಿ ಯಾವಾಗಲೂ ಹಾಡಿನಲ್ಲಿ, ಕಣ್ಣೀರಿನಲ್ಲಿ, ಪಾಸ್ಟರ ಧ್ವನಿ ಏರಿದಾಗ ಮೈಮೇಲೆ ಏಳುವ ರೋಮದಲ್ಲಿ ಇತ್ತು. ಅದೆಲ್ಲ ಒಂದೂ ಇಲ್ಲದೆ ಒಬ್ಬರು ಹೇಗೆ ದಿನವೂ ದೇವರ ಹತ್ತಿರ ಮಾತಾಡುತ್ತಾರೆ ಎಂಬುದು ನನಗೆ ಅರ್ಥವಾಗಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆಮೇಲೆ ಒಂದು ಸಂಜೆ, ಪಾತ್ರೆ ತೊಳೆದಾದ ಮೇಲೆ, ಅವರು ಒದ್ದೆ ಕೈಯಲ್ಲೇ ಕುರ್ಚಿಯ ಮೇಲೆ ಕೂತು, ಇವತ್ತು ನಾನು ಯಾವುದಕ್ಕೂ ಕಾಯ್ತಾ ಇರಲಿಲ್ಲ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಈ ಊರಿಗೆ ಬಂದಾಗಿನಿಂದ ಒಂದಲ್ಲ ಒಂದಕ್ಕೆ ಕಾಯುವುದೇ ಆಗಿತ್ತಂತೆ. ಮೊದಲು ವರ್ಗಕ್ಕೆ. ಆಮೇಲೆ ಮಗುವಿಗೆ. ಅಣ್ಣ ಹೋದ ಮೇಲೆ ಅಳು ಬರಲಿ ಎಂದು ಕಾದರಂತೆ, ಅದೂ ಬರಲಿಲ್ಲ. ಇವತ್ತು ದಿಂಬಿನ ಚೀಲಗಳನ್ನು ಮಡಿಸುತ್ತಿದ್ದಾಗ ನೋಡಿಕೊಂಡರೆ ಒಳಗೆ ಕಾಯುವುದು ಇಲ್ಲವೇ ಇಲ್ಲ. ಬೆಳಿಗ್ಗೆಯಿಂದಲೂ ಇರಲಿಲ್ಲವೇನೋ, ನೆನ್ನೆಯೂ ಇರಲಿಲ್ಲವೇನೋ.

ಅದು ಸಂತೋಷವೇ ಎಂದು ಕೇಳಿದೆ. ಮೇಷ್ಟ್ರಮ್ಮನ ಬುದ್ಧಿ, ಎಲ್ಲದಕ್ಕೂ ಒಂದು ಹೆಸರು ಬೇಕು.

"ಗೊತ್ತಿಲ್ಲ. ಊಟ ಆದ್ಮೇಲೆ ಹಸಿವಿರಲ್ಲ ನೋಡು, ಹಾಗಿದೆ. ಕರ್ತನೇ, ಸಾಕು ಅಂದೆ. ಸಿಟ್ಟಲ್ಲಿ ಅಂದಿದ್ದಲ್ಲ. ನಿಜವಾಗ್ಲೂ ಸಾಕಾಗಿತ್ತು."

ಹಾಗಾದರೆ ಬುಧವಾರ ಎದ್ದು ಆ ವಿಷಯ ಇಳಿಸಿಬಿಡಿ ಎಂದೆ. ಅವರು ತಲೆ ಅಲ್ಲಾಡಿಸಿದರು. ಇಳಿಸಿದರೆ ಊರು ಕೊನೆಗೂ ಇಷ್ಟವಾಯಿತು ಎಂದು ಎಲ್ಲರೂ ಖುಷಿಪಡುತ್ತಾರೆ, ಅದು ಸುಳ್ಳಾಗುತ್ತದೆ. ಧೂಳು ಇಷ್ಟವಾಗಿಲ್ಲ, ಕಾರ್ಖಾನೆಯ ಸೈರನ್ ಇಷ್ಟವಾಗಿಲ್ಲ, ಮುಚ್ಚಿದ ಕಿಟಕಿ ಇಷ್ಟವಾಗಿಲ್ಲ. ಅದೂ ಅಲ್ಲದೆ ಅಜ್ಜಿಗೆ ಬೇಸರವಾಗಬಹುದು, ಇಷ್ಟು ವರ್ಷ ಬೇಡಿದ್ದಾಳೆ. ಇರಲಿ ಬಿಡು, ಯಾರಿಗೇನು ನಷ್ಟ ಎಂದರು. ನಾನೂ ಬಿಟ್ಟೆ. ನಮ್ಮ ಸಭೆಯವರು ಬರೀ ಬೇಡುವವರಷ್ಟೇ ಎಂದು ನಾವಿಬ್ಬರೂ ಅಂದುಕೊಂಡದ್ದೇ ತಪ್ಪಾಯಿತು.

ಮೇಟ್ರನ್ ನಮ್ಮ ಸಭೆಯವರೇ. ಬುಧವಾರ ಬುಧವಾರ ಅದೇ ಪ್ರಾರ್ಥನೆ ಕೇಳಿ ಕೇಳಿ ಅವರ ಕರುಳು ಚುರುಕ್ಕೆಂದಿತ್ತಂತೆ. ಅಣ್ಣ ಮಾಡದ ಕೆಲಸವನ್ನು ಅವರು ಮಾಡಿದರು. ಮ್ಯಾನೇಜರರ ಬಾಗಿಲಿಗೆ ಹೋದರು, ಒಂದು ಸಲ ಅಲ್ಲ, ಅವರು ಹೂಂ ಅನ್ನುವವರೆಗೆ. ನದಿಯ ದಡದ ಆ ಇನ್ನೊಂದು ಕಾರ್ಖಾನೆಯ ಆಸ್ಪತ್ರೆಯಲ್ಲಿ ಬಟ್ಟೆಯ ಉಗ್ರಾಣ ನೋಡಿಕೊಳ್ಳುವ ಕೆಲಸ ಖಾಲಿ ಬಿದ್ದಾಗ ಅದು ಅತ್ತಿಗೆಗೆ ಸಿಕ್ಕಿತು. ಹಂಡೆಯ ಮುಂದೆ ನಿಲ್ಲುವುದು ಬೇಡ, ಕುರ್ಚಿಯ ಮೇಲೆ ಕೂತು ಮಾಡಿಸುವ ಕೆಲಸ. ಅತ್ತಿಗೆಯ ತವರಿಗೆ ನಡೆದುಹೋಗುವಷ್ಟು ಹತ್ತಿರ. ಮೇಟ್ರನ್ ಲಾಂಡ್ರಿಗೆ ಬಂದು ಸುದ್ದಿ ಹೇಳಿ ಅತ್ತಿಗೆಯನ್ನು ಅಪ್ಪಿಕೊಂಡು ಅತ್ತರು. ಅತ್ತಿಗೆ ಕೈಯಲ್ಲಿದ್ದ ಒದ್ದೆ ಹಾಸನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರಂತೆ.

ಸುದ್ದಿ ಸಂಜೆಯೊಳಗೆ ಸಾಲು ಮನೆಗಳನ್ನೆಲ್ಲ ಸುತ್ತಿತು. ಇಷ್ಟು ವರ್ಷಗಳಲ್ಲಿ ನಮ್ಮ ಸಭೆಗೆ ಇಷ್ಟು ದೊಡ್ಡ ಉತ್ತರ ಸಿಕ್ಕಿರಲಿಲ್ಲ. ಮೊಣಕಾಲಿನ ವೆಲ್ಡರನಂತೂ ಒಂದು ಸುದ್ದಿಯನ್ನೂ ಕಳಿಸಿರಲಿಲ್ಲ. ಪಾಸ್ಟರ್ ಬರುವ ಬುಧವಾರವನ್ನೇ ಕೃತಜ್ಞತೆಯ ಕೂಟ ಮಾಡೋಣ ಎಂದರು, ಪಾಸ್ಟರಮ್ಮ ಕೇಕ್ ಮಾಡುತ್ತೇನೆಂದರು. ಬೀದಿಯ ತುದಿಯ ದರ್ಜಿ ಪ್ರಯಾಣಕ್ಕೆಂದು ಗಟ್ಟಿ ಬಟ್ಟೆಯ ಚೀಲ ಹೊಲಿದು ತಂದುಕೊಟ್ಟ. ಪ್ರಾರ್ಥನೆಯಜ್ಜಿಯಂತೂ ಮನೆಮನೆಗೆ ಕೋಲೂರಿಕೊಂಡು ಹೋಗಿ, ನಾನು ಬೇಡಿದ್ದು ಎಂದು ಹೇಳಿಕೊಂಡಳು. ಆ ಹೆಮ್ಮೆಗೆ ಅವಳಿಗೆ ಹಕ್ಕಿತ್ತು.

ನನಗೆ ಹೆದರಿಕೆಯಾಯಿತು. ಇದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ. ಮನೆಗೆ ಹಿಂತಿರುಗಿ ಬೀಗ ತೆಗೆಯುವುದು, ಒಬ್ಬಳಿಗೆ ಅನ್ನ ಇಡುವುದು, ರಾತ್ರಿ ಪಕ್ಕದ ಕೋಣೆಯಲ್ಲಿ ಅತ್ತಿಗೆಯ ಕೆಮ್ಮು ಕೇಳದಿರುವುದು, ಎಲ್ಲ ಕಣ್ಣ ಮುಂದೆ ಬಂತು. ಹೋಗಬೇಡಿ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಯಾವ ಬಾಯಿಂದ ಹೇಳುವುದು? ಅವರಿಗೆ ಇಷ್ಟವಿಲ್ಲದ ಊರಿನಲ್ಲಿ, ನನಗೆ ಜೊತೆ ಬೇಕೆಂದು, ಅವರನ್ನು ಕಟ್ಟಿಹಾಕುವುದೇ? ಹಾಗಾಗಿ ನಾನು, ಒಳ್ಳೆಯದಾಯಿತು ಅತ್ತಿಗೆ, ಹೋಗಿ ಎಂದೆ. ಅವರು ಹೂಂ ಎಂದರು. ಅಷ್ಟೇ. ಆ ವಾರವಿಡೀ ನಾವು ಉಪ್ಪು ಕೊಡು, ಬಾಗಿಲು ಹಾಕು ಇಷ್ಟೇ ಮಾತಾಡಿದ್ದು. ಅವರ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ, ಅದು ಯಾವಾಗಲೂ ಹಾಗೇ.

ಬುಧವಾರ ಶೆಡ್ಡಿನಲ್ಲಿ ಕುರ್ಚಿ ಸಾಲಲಿಲ್ಲ, ಶಾಲೆಯಿಂದ ಬೆಂಚುಗಳನ್ನು ತಂದೆವು. ಎರಡು ಹಾಡಾಯಿತು. ಪಾಸ್ಟರ್ ಸಾಕ್ಷಿ ಹೇಳಲು ಅತ್ತಿಗೆಯನ್ನು ಕರೆದರು. ಪ್ರಾರ್ಥನೆಯಜ್ಜಿ ಒಂದೂ ಮಾತು ತಪ್ಪಿಹೋಗದಿರಲಿ ಎಂದು ಕಿವಿಯನ್ನು ಆ ಕಡೆ ತಿರುಗಿಸಿಕೊಂಡು ಕುಳಿತಿದ್ದಳು. ಅತ್ತಿಗೆ ಎದ್ದು ನಿಂತರು. ಮೊದಲ ದಿನದ್ದೇ ಧ್ವನಿ.

"ನೀವೆಲ್ಲ ಬೇಡಿದ್ರಿ, ಕರ್ತನು ಕೇಳಿದ. ಸ್ತೋತ್ರ. ನಾನು ಹೋಗೋದಿಲ್ಲ."

ಯಾರೋ ಅಭ್ಯಾಸಬಲದಿಂದ ಆಮೆನ್ ಎಂದುಬಿಟ್ಟರು. ಒಳಗೆ ಟೀ ಕಪ್ಪುಗಳನ್ನು ಜೋಡಿಸುತ್ತಿದ್ದ ಸದ್ದೂ ನಿಂತಿತು. ಮೇಟ್ರನ್ ಅವರ ಮುಖ ಕೆಂಪಾಯಿತು. ನಾನು ಎಷ್ಟು ಓಡಾಡಿದೆ ಎಂದು ಮೆಲ್ಲಗೆ ಹೇಳಿದರು, ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಅತ್ತಿಗೆ ಅವರ ಕಡೆ ತಿರುಗಿ, ತಪ್ಪು ನನ್ನದು, ಆ ವಿಷಯವನ್ನು ನಾನು ಬಹಳ ಹಿಂದೆಯೇ ಇಳಿಸಬೇಕಾಗಿತ್ತು, ಕ್ಷಮಿಸಿ ಎಂದರು. ಪಾಸ್ಟರ್, ಅಂದರೆ ಕರ್ತನು ನಿಮಗೆ ಈ ಊರಿನ ಮೇಲೆ ಪ್ರೀತಿ ಕೊಟ್ಟಿದ್ದಾನೆ, ಅದೂ ಒಂದು ಉತ್ತರವೇ ಎಂದು ಕೂಟದ ಸೂತ್ರವನ್ನು ಕೈಗೆ ತೆಗೆದುಕೊಳ್ಳಲು ನೋಡಿದರು.

"ಇಲ್ಲ ಪಾಸ್ಟರ್, ಕೊಟ್ಟಿಲ್ಲ" ಎಂದರು ಅತ್ತಿಗೆ. "ಈ ಊರು ನನಗೆ ಇಷ್ಟವಾಗಿಲ್ಲ, ಇನ್ನು ಆಗೋದೂ ಇಲ್ಲ ಅನ್ಸುತ್ತೆ. ಅಲ್ಲಿ ಗಾಳಿ ಚೆನ್ನಾಗಿದೆ, ನನಗೆ ಗೊತ್ತು. ಆದ್ರೆ ಇಲ್ಲಿ ನನಗೆ ಏನೂ ಅನ್ನಿಸದೆ ಇದ್ದಾಗ್ಲೂ ಕರ್ತನು ಎದ್ದು ಹೋಗ್ಲಿಲ್ಲ. ಜೊತೆಗೇ ಇದ್ದ. ಈಗ ನನಗೆ ಕಡಿಮೆ ಅನ್ನೋದು ಏನೂ ಇಲ್ಲ. ಕಡಿಮೆ ಇಲ್ದೋರು ಏನು ಹುಡುಕ್ಕೊಂಡು ಹೋಗ್ಬೇಕು?"

ಇಷ್ಟು ಮಾತನ್ನು ಒಟ್ಟಿಗೆ ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಹೇಳಿ ಮುಗಿಸಿದವರು ಕೂರಲಿಲ್ಲ. ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಪ್ರಾರ್ಥನೆಯಜ್ಜಿಯ ಹತ್ತಿರ ಹೋಗಿ ಅವಳ ಮುಂದೆ ಮಂಡಿಯೂರಿ ಕುಳಿತರು. ಅಜ್ಜಿ ಕೈಚಾಚಿ ಅವರ ಮುಖವನ್ನು ತಡವಿದಳು, ಒದ್ದೆ ಇದೆಯೇ ಎಂದು ನೋಡಿರಬೇಕು. ಇರಲಿಲ್ಲ.

"ಹಾಗಾದ್ರೆ ಇನ್ನು ನಿನಗೋಸ್ಕರ ಏನು ಬೇಡ್ಲಿ ಮಗಳೇ?"

ಅತ್ತಿಗೆ ನಿಜವಾಗಿಯೂ ಯೋಚಿಸಿದರು. ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದ ನನಗೆ ಅದು ಕಾಣಿಸಿತು. ಎಲ್ಲ ಮೂಲೆಯನ್ನೂ ಹುಡುಕಿ ನೋಡಿ, "ಏನೂ ಇಲ್ಲ ಅಜ್ಜಿ" ಎಂದರು.

ಏನೂ ಬೇಡದವರಿಗೆ ಹೇಗೆ ಪ್ರಾರ್ಥನೆ ಮಾಡುವುದೆಂದು ತನಗೆ ಗೊತ್ತಿಲ್ಲ ಎಂದಳು ಅಜ್ಜಿ. ನನಗೂ ಗೊತ್ತಿಲ್ಲ, ಸುಮ್ಮನೆ ಕೂತಿರೋಣ ಎಂದರು ಅತ್ತಿಗೆ. ಇಬ್ಬರೂ ಕೈ ಹಿಡಿದುಕೊಂಡು ಹಾಗೇ ಕೂತರು. ಆ ಸಂಜೆ ಟೀ ಬಿಸಿಯಾಗಿಯೇ ಇತ್ತು, ಕುಡಿಯಲು ಯಾರೂ ಏಳಲಿಲ್ಲ.

ಕೊನೆಗೆ ಪಾಸ್ಟರ್, ಕೂಟವನ್ನು ಹೇಗಾದರೂ ಮುಂದುವರಿಸಬೇಕಲ್ಲ ಎಂದು, ಮುಂದಿನವರು ತಮ್ಮ ವಿಷಯ ಹೇಳಬಹುದು ಎಂದರು. ಸುತ್ತಿನಲ್ಲಿ ಮುಂದಿನವಳು ನಾನು. ಎದ್ದು ನಿಂತೆ. ಶಾಲೆಯ ಮಕ್ಕಳ ಭವಿಷ್ಯ, ನನ್ನ ಸೊಂಟನೋವು, ಯಾವಾಗಲೂ ಹೇಳುವ ಎರಡು ಮೂರು ವಿಷಯಗಳಿದ್ದವು. ಒಂದೂ ನಾಲಿಗೆಗೆ ಬರಲಿಲ್ಲ.

"ಅತ್ತಿಗೆ ಇಲ್ಲೇ ಇರ್ತಾರಂತೆ" ಎಂದೆ.

ಎಲ್ಲರೂ ಆಗಲೇ ಕೇಳಿದ್ದ ಮಾತು. ಕಣ್ಣು ತುಂಬಿ ಎದುರಿಗಿದ್ದವರು ಕಾಣದಾದರು. ಅದು ಪ್ರಾರ್ಥನೆಯೋ ಸಾಕ್ಷಿಯೋ ಎಂದು ಪಾಸ್ಟರ್ ಕೇಳಲಿಲ್ಲ. ನಾನು ಇನ್ನೊಂದು ಸಲ ಅದನ್ನೇ ಹೇಳಿ ಕೂತೆ.